ಮೆಟ್ಟಿಲ ಹೊಟ್ಟೆಯೊಳಗಿನ ಕಂಬಿ



ಕನ್ನಡ ಮೇಷ್ಟ್ರಮ್ಮ ವ್ಯಾಕರಣ ಬಿಟ್ಟು ಗಾರೆಕೆಲಸದ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಕಾರಣ ಬಹಳ ಸರಳ. ಟೇಲರಿನ ನಮ್ಮ ಮನೆಯ ಹಿಂದಿನ ಬಾಗಿಲಿನಿಂದ ತೋಟಕ್ಕೆ ಇಳಿಯಲು ನಾವೇ ಕಟ್ಟಿದ ಮೂರು ಮೆಟ್ಟಿಲುಗಳು ಒಂದೇ ಬೇಸಿಗೆಯಲ್ಲಿ ಬಿರುಕು ಬಿಟ್ಟವು. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು ಒಂದು ಸಂಜೆ ಕರಿಬೇವು ಕೀಳಲು ಹೋಗುವಾಗ ಎರಡನೆಯ ಮೆಟ್ಟಿಲಿನ ತುಂಡು ಅಲುಗಾಡಿತು, ಅವರು ಮುಗ್ಗರಿಸಿದರು. ದೇವರ ದಯೆ, ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚಿನ ಪೆಟ್ಟಾಗಲಿಲ್ಲ. ಎಪ್ಪತ್ತು ದಾಟಿದವರಿಗೆ ಒಂದು ಮೆಟ್ಟಿಲು ಜಾರಿದರೂ ಸೊಂಟದ ಮೂಳೆಗೆ ಅಪಾಯ. ನಮ್ಮಲ್ಲಿ ಬಹಳ ಮನೆಗಳಿಗೆ ಪ್ರತಿ ವರ್ಷ ಅಜ್ಜ ಅಜ್ಜಿಯರು ಬಂದು ಹೋಗುತ್ತಾರೆ. ಆದ್ದರಿಂದ ನಾವು ಕಲಿತದ್ದನ್ನು ನಿಮಗೂ ಹೇಳೋಣ ಎನಿಸಿತು.

ಗದಗ ಜಿಲ್ಲೆಯ ಹೊಲಮನೆಯಲ್ಲಿ ಬಾಳಿದ ಅತ್ತೆಯವರು ಮೆಟ್ಟಿಲಿನ ಪಕ್ಕದ ನೆಲದಲ್ಲಿ ಬಿದ್ದಿದ್ದ ಬಿರುಕಿಗೆ ತಮ್ಮ ಕೈಬೆರಳನ್ನು ಇಳಿಸಿ ನೋಡಿ, "ಇದು ನಮ್ಮೂರ ಎರಿ ಮಣ್ಣ ಐತಿ ನೋಡವಾ. ಬ್ಯಾಸಗಿಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ. ಇದರ ಮ್ಯಾಲ ಬರೇ ಸಿಮೆಂಟ್ ಸುರುವಿದ್ರ ನಿಂದರತೈತೇನು?" ಎಂದರು. ಆ ಒಂದು ಮಾತಿನಲ್ಲಿ ಇಡೀ ವಿಷಯವೇ ಅಡಗಿತ್ತು.

ನಮ್ಮ ಕಾಲ ಕೆಳಗಿನ ಮಣ್ಣು

ಅತ್ತೆಯವರ ಮಾತು ಅಕ್ಷರಶಃ ನಿಜ. ಡಲ್ಲಾಸಿನ ಉತ್ತರದಿಂದ ಆಸ್ಟಿನ್ ಪೂರ್ವಭಾಗವನ್ನು ಹಾದು ಸ್ಯಾನ್ ಆಂಟೋನಿಯೋವರೆಗೆ ಚಾಚಿರುವ ಕಪ್ಪುಮಣ್ಣಿನ ಪಟ್ಟಿಗೆ 'ಬ್ಲ್ಯಾಕ್‌ಲ್ಯಾಂಡ್ ಪ್ರೇರಿ' ಎಂದು ಹೆಸರು. ಇಲ್ಲಿನ ಮುಖ್ಯ ಮಣ್ಣಿನ ಹೆಸರು 'ಹ್ಯೂಸ್ಟನ್ ಬ್ಲ್ಯಾಕ್'. ಇದು ಸುಮಾರು 15 ಲಕ್ಷ ಎಕರೆಗಳಲ್ಲಿ ಹರಡಿದೆ; ಟೆಕ್ಸಸ್ ರಾಜ್ಯದ ಪ್ರಾತಿನಿಧಿಕ ಮಣ್ಣೆಂದು ಗುರುತಿಸಲ್ಪಟ್ಟಿದೆ. ಧಾರವಾಡ, ಗದಗ, ವಿಜಯಪುರ, ರಾಯಚೂರು, ಕಲಬುರಗಿಗಳ ಎರೆಮಣ್ಣೂ ಇದೂ ಮಣ್ಣಿನ ಶಾಸ್ತ್ರದಲ್ಲಿ ಒಂದೇ ಕುಲಕ್ಕೆ ಸೇರಿದವು. ಆ ಕುಲಕ್ಕೆ 'ವರ್ಟಿಸಾಲ್' ಎನ್ನುತ್ತಾರೆ. ಅಲ್ಲಿಯೂ ಹತ್ತಿ ಬೆಳೆ, ಇಲ್ಲಿಯೂ ಹತ್ತಿ ಬೆಳೆ. 1876ರಲ್ಲಿ ರೈಲು ಬಂದಾಗ ಹುಟ್ಟಿದ ಟೇಲರ್ ಊರು ಬೆಳೆದದ್ದೇ ಹತ್ತಿಯ ಮಾರುಕಟ್ಟೆಯಿಂದ.

ಈ ಮಣ್ಣಿನಲ್ಲಿರುವ ಜೇಡಿಯ ಕಣಗಳು ಕಾಗದದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ನೀರು ಪದರಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗಿ ಸೀಳುತ್ತದೆ. ನಮ್ಮ ಹವಾಮಾನವೂ ಹಾಗೆಯೇ ಅತಿರೇಕದ್ದು. 1921ರ ಸೆಪ್ಟೆಂಬರ್ 9 ಮತ್ತು 10ರಂದು ಟೇಲರಿನ ಪಕ್ಕದ ಥ್ರಾಲ್‌ನಲ್ಲಿ 24 ಗಂಟೆಗಳಲ್ಲಿ 38.2 ಅಂಗುಲ ಮಳೆ ಸುರಿಯಿತು. 2011ರ ಬರಗಾಲದಲ್ಲಿ ಆಸ್ಟಿನ್‌ನಲ್ಲಿ 90 ದಿನ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಇಂಥ ಕಡೆ ನೆಲವು ಉಸಿರಾಡುವ ಎದೆಯಂತೆ ಏರಿಳಿಯುತ್ತಲೇ ಇರುತ್ತದೆ. ಲಿಯಾಂಡರ್, ಸೀಡರ್ ಪಾರ್ಕ್ ಕಡೆಯವರಿಗೆ ಈ ಕಾಟ ಕಡಿಮೆ. ಅಲ್ಲಿ ಬಹಳ ಕಡೆ ತೆಳುಮಣ್ಣಿನ ಕೆಳಗೆ ಸುಣ್ಣದಕಲ್ಲಿನ ಬಂಡೆಯೇ ಸಿಗುತ್ತದೆ.

ಕಾಂಕ್ರೀಟಿನ ಬಲ ಮತ್ತು ದೌರ್ಬಲ್ಯ

ಮಕ್ಕಳೇ, ಒಂದು ಸೀಮೆಸುಣ್ಣದ ಕಡ್ಡಿಯನ್ನು ತೆಗೆದುಕೊಳ್ಳಿ. ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಹೆಬ್ಬೆರಳಿನಿಂದ ಒತ್ತಿ. ಅದು ಜಗ್ಗುವುದಿಲ್ಲ. ಈಗ ಎರಡು ತುದಿ ಹಿಡಿದು ಬಗ್ಗಿಸಿ. ಟಕ್ಕೆಂದು ಮುರಿಯುತ್ತದೆ. ಕಾಂಕ್ರೀಟಿನ ಸ್ವಭಾವವೂ ಇದೇ. ಒತ್ತುವ ಬಲವನ್ನು ಅದು ಚೆನ್ನಾಗಿ ತಡೆಯುತ್ತದೆ, ಎಳೆಯುವ ಬಲವನ್ನು ಅದರ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ತಡೆಯುತ್ತದೆ.

ಬಗ್ಗಿಸಿದರೆ ಎಳೆತ ಎಲ್ಲಿಂದ ಬಂತು? ಇನ್ನೊಂದು ಪ್ರಯೋಗ ಮಾಡಿ. ಪಾತ್ರೆ ತೊಳೆಯುವ ಸ್ಪಂಜಿನ ಪಕ್ಕದಲ್ಲಿ ಪೆನ್ನಿನಿಂದ ಮೇಲಿನಿಂದ ಕೆಳಕ್ಕೆ ಸಮಾನಾಂತರ ಗೆರೆಗಳನ್ನು ಎಳೆಯಿರಿ. ಎರಡು ಪುಸ್ತಕಗಳ ಮೇಲೆ ಸೇತುವೆಯಂತೆ ಇಟ್ಟು ನಡುವೆ ಒತ್ತಿ. ಮೇಲ್ಭಾಗದ ಗೆರೆಗಳು ಹತ್ತಿರವಾಗುತ್ತವೆ, ಅದು ಒತ್ತಡ. ಕೆಳಭಾಗದ ಗೆರೆಗಳು ದೂರ ಸರಿಯುತ್ತವೆ, ಅದು ಎಳೆತ. ಸ್ಪಂಜಿನ ನಡುವೆ ಕೆಳಗಿನಿಂದ ಬೆರಳಿಟ್ಟು ಮೇಲಕ್ಕೆ ಒತ್ತಿದರೆ ಎಲ್ಲವೂ ತಲೆಕೆಳಗಾಗುತ್ತದೆ.

ನಮ್ಮ ಎರೆಮಣ್ಣು ಈ ಎರಡೂ ಆಟಗಳನ್ನು ಆಡುತ್ತದೆ. ಬೇಸಿಗೆಯಲ್ಲಿ ಒಂದು ಕಡೆ ಕುಗ್ಗಿ, ಮೆಟ್ಟಿಲನ್ನು ಆಧಾರವಿಲ್ಲದೆ ಸೇತುವೆಯಂತೆ ತೂಗಿಸುತ್ತದೆ. ಮಳೆಗಾಲದಲ್ಲಿ ಉಬ್ಬಿ ಹೊಟ್ಟೆಯಿಂದ ಮೇಲಕ್ಕೆ ನೂಕುತ್ತದೆ. ಬರಿಯ ಕಾಂಕ್ರೀಟು ಎರಡರಲ್ಲಿ ಯಾವುದನ್ನೂ ತಾಳದೆ ಸೀಳುತ್ತದೆ.

ಎಳೆತಕ್ಕೆ ಉತ್ತರ ಕಬ್ಬಿಣ, ಅಂದರೆ ಉಕ್ಕು. ಇಲ್ಲಿನ ಅಂಗಡಿಗಳಲ್ಲಿ ಸಿಗುವ 60ನೇ ದರ್ಜೆಯ ಸರಳು ಚದರ ಅಂಗುಲಕ್ಕೆ 60,000 ಪೌಂಡ್ ಎಳೆತದವರೆಗೆ ಜಗ್ಗದೆ ನಿಲ್ಲುತ್ತದೆ. ಸಾಧಾರಣ ಕಾಂಕ್ರೀಟು ಅದೇ ಎಳೆತದಲ್ಲಿ ಸುಮಾರು 400 ಪೌಂಡಿಗೇ ಸೋಲುತ್ತದೆ. ಇವೆರಡರ ಜೊತೆಗಾರಿಕೆಗೆ ಇನ್ನೂ ಎರಡು ಕಾರಣಗಳಿವೆ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಆದ್ದರಿಂದ ಒಂದನ್ನೊಂದು ಬಿಟ್ಟುಕೊಡುವುದಿಲ್ಲ. ಸಿಮೆಂಟಿನ ಕ್ಷಾರಗುಣ ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ.

ತೋಟಗಾರನೇ ಕಲಿಸಿದ ಪಾಠ

ಈ ಜೋಡಿಯನ್ನು ಪ್ರಸಿದ್ಧಿಗೆ ತಂದವರಲ್ಲಿ ಒಬ್ಬ ತೋಟಗಾರ ಎಂಬುದು ಸ್ವಾರಸ್ಯದ ಸಂಗತಿ. ಫ್ರಾನ್ಸಿನ ಜೋಸೆಫ್ ಮೋನಿಯೇ ಎಂಬಾತ ಸಿಮೆಂಟಿನ ಗಿಡದ ಕುಂಡಗಳು ಒಡೆಯುವುದನ್ನು ತಪ್ಪಿಸಲು ಅವುಗಳೊಳಗೆ ಕಬ್ಬಿಣದ ಜಾಲರಿ ಇಟ್ಟು, 1867ರಲ್ಲಿ ಹಕ್ಕುಪತ್ರ ಪಡೆದ. ಅಮೆರಿಕದಲ್ಲಿ ಅರ್ನೆಸ್ಟ್ ರ‍್ಯಾನ್ಸಮ್ ಎಂಬುವರು ಸರಳನ್ನು ತಿರುಚಿದರೆ ಕಾಂಕ್ರೀಟಿನ ಹಿಡಿತ ಹೆಚ್ಚುತ್ತದೆಂದು ಕಂಡುಕೊಂಡು 1884ರಲ್ಲಿ ಹಕ್ಕುಪತ್ರ ಪಡೆದರು. ಇಂದಿನ ಸರಳುಗಳ ಮೈಮೇಲಿನ ಉಬ್ಬುಗೆರೆಗಳ ಉದ್ದೇಶವೂ ಅದೇ ಹಿಡಿತ.

ನಮ್ಮ ಹಿರಿಯರಿಗೂ ಈ ತತ್ತ್ವ ಹೊಸದಲ್ಲ. ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದರು, ಬಿದಿರಿನ ತಡಿಕೆಗೆ ಮಣ್ಣು ಮೆತ್ತುತ್ತಿದ್ದರು. ಮಣ್ಣು ಒತ್ತಡ ತಾಳುತ್ತಿತ್ತು, ಹುಲ್ಲು ಬಿದಿರುಗಳು ಎಳೆತ ತಾಳುತ್ತಿದ್ದವು.

"ಹಾಗಾದರೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿಗೆ ಯಾವ ಕಂಬಿ ಹಾಕಿದ್ದರು, ಟೀಚರ್?" ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಆದ ಆ ಸಾವಿರ ಮೆಟ್ಟಿಲುಗಳ ಕೆಳಗಿರುವುದು ಗಟ್ಟಿ ಬೆಟ್ಟ, ಅದು ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಲಕ್ಕುಂಡಿಯ ಮುಸುಕಿನ ಬಾವಿಯಂಥ ಹಳೆಯ ಮೆಟ್ಟಿಲುಬಾವಿಗಳಲ್ಲಿ ಒಂದೊಂದು ಕಲ್ಲೂ ಬಿಡಿಬಿಡಿ. ನೆಲ ಸ್ವಲ್ಪ ಸರಿದರೆ ಕಲ್ಲು ಸಂದಿನಲ್ಲಿ ಸರಿದುಕೊಳ್ಳುತ್ತದೆ, ಮುರಿಯಬೇಕಿಲ್ಲ. ಕೃಷ್ಣರಾಜಸಾಗರವನ್ನು ಕಲ್ಲು ಮತ್ತು ಸುರ್ಕಿ ಗಾರೆಯಿಂದಲೇ ಕಟ್ಟಿದರು. ಅದು ತನ್ನ ತೂಕದಿಂದಲೇ ನೀರನ್ನು ತಡೆದು ನಿಲ್ಲುವ ಕಟ್ಟೆ, ಅಲ್ಲಿ ಮುಖ್ಯವಾಗಿ ಇರುವುದು ಒತ್ತಡ. ನಮ್ಮ ತೋಟದ ಮೆಟ್ಟಿಲಾದರೋ ಒಂದೇ ಅಚ್ಚಿನ ಗಟ್ಟಿ ತುಂಡು, ಅಲುಗಾಡುವ ನೆಲದ ಮೇಲೆ ಕೂತದ್ದು. ಅದಕ್ಕೇ ಕಂಬಿ ಬೇಕು.

ಲೆಕ್ಕ ಮೊದಲು, ಕೆಲಸ ಆಮೇಲೆ

ನಾವು ಎರಡನೆಯ ಬಾರಿ ಕಟ್ಟಿದ ಮೆಟ್ಟಿಲಿನ ಲೆಕ್ಕವನ್ನೇ ಕೊಡುತ್ತೇನೆ. ಮಕ್ಕಳು ಕಾಗದ ಪೆನ್ಸಿಲ್ ಹಿಡಿದು ತಾಳೆ ನೋಡಬಹುದು.

ಮೆಟ್ಟಿಲು ಮೂರು. ಒಂದೊಂದರ ಎತ್ತರ 6 ಅಂಗುಲ, ಪಾದ ಇಡುವ ಹಾಸು 14 ಅಂಗುಲ, ಅಗಲ 4 ಅಡಿ. ಎತ್ತರದ ಎರಡರಷ್ಟಕ್ಕೆ ಹಾಸನ್ನು ಕೂಡಿಸಿದರೆ 24ರಿಂದ 26 ಅಂಗುಲ ಬಂದರೆ ಹತ್ತಿ ಇಳಿಯಲು ಹಿತ ಎಂಬುದು ಹಳೆಯ ಸೂತ್ರ. ನಮ್ಮದು 12 ಕೂಡಿಸು 14, ಅಂದರೆ 26. ವಯಸ್ಸಾದವರಿಗೆ ತಗ್ಗು ಎತ್ತರ, ವಿಶಾಲ ಹಾಸು ಒಳ್ಳೆಯದು. ಮೂರೂ ಮೆಟ್ಟಿಲುಗಳ ಎತ್ತರ ಒಂದೇ ಇರಲೇಬೇಕು. ಒಂದು ಹೆಚ್ಚುಕಡಿಮೆಯಾದರೆ ಅಲ್ಲಿಯೇ ಕಾಲು ಎಡವುತ್ತದೆ.

ಪಕ್ಕದಿಂದ ನೋಡಿದರೆ ಮೂರು ಭಾಗಗಳ ಎತ್ತರ 6, 12 ಮತ್ತು 18 ಅಂಗುಲ, ಒಟ್ಟು 36. ಅದನ್ನು 14ರಿಂದ ಮತ್ತು 48ರಿಂದ ಗುಣಿಸಿದರೆ 24,192 ಘನ ಅಂಗುಲ, ಅಂದರೆ 14 ಘನ ಅಡಿ. ನೆಲದೊಳಗೆ 6 ಅಂಗುಲ ದಪ್ಪದ ಅಡಿಹಾಸು ಸೇರಿಸಿದರೆ ಇನ್ನು 7 ಘನ ಅಡಿ. ಒಟ್ಟು 21. ಎಂಬತ್ತು ಪೌಂಡಿನ ಒಂದು ಕಾಂಕ್ರೀಟ್ ಚೀಲದಿಂದ ಸುಮಾರು 0.6 ಘನ ಅಡಿ ಸಿಗುತ್ತದೆ. ಹಾಗಾಗಿ 35 ಚೀಲ, ತೂಕ 2,800 ಪೌಂಡ್. ಇಷ್ಟನ್ನು ನಿಲ್ಲಿಸದೆ ಒಂದೇ ದಿನ ಸುರಿಯಬೇಕಾದ್ದರಿಂದ ಮಿಕ್ಸರ್ ಬಾಡಿಗೆಗೆ ತರುವುದು ಜಾಣತನ.

ಈಗ ಕಂಬಿ. ಅಮೆರಿಕದಲ್ಲಿ ಸರಳಿನ ಸಂಖ್ಯೆ ಅಂಗುಲದ ಎಂಟನೇ ಭಾಗಗಳನ್ನು ಹೇಳುತ್ತದೆ. 3ನೇ ನಂಬರು ಎಂದರೆ ಎಂಟರಲ್ಲಿ ಮೂರು ಅಂಗುಲ ದಪ್ಪ, ನಮ್ಮ ಊರಿನ 10 ಮಿಲಿಮೀಟರ್ ಸರಳಿನ ಹತ್ತಿರದ್ದು. ಅಡಿಹಾಸಿಗೆ ಉದ್ದುದ್ದ 36 ಅಂಗುಲದ ಐದು ತುಂಡು, ಅಡ್ಡಡ್ಡ 42 ಅಂಗುಲದ ನಾಲ್ಕು ತುಂಡು ಸೇರಿ ಒಂದು ಜಾಲರಿ. ಪ್ರತಿ ಮೆಟ್ಟಿಲಿನ ಮುಂಚೂಣಿ ಅಂಚಿನ ಒಳಗೆ, ಮೇಲಿನಿಂದಲೂ ಮುಂದಿನಿಂದಲೂ 2 ಅಂಗುಲ ಒಳಕ್ಕೆ, 44 ಅಂಗುಲದ ಒಂದೊಂದು ತುಂಡು. ಜಾಲರಿಯಿಂದ ಮೇಲಿನ ಮೆಟ್ಟಿಲುಗಳೊಳಗೆ ಏರುವ 'ಎಲ್' ಆಕಾರದ ಕೆಲವು ತುಂಡುಗಳು. ಇಷ್ಟಕ್ಕೆ 20 ಅಡಿಯ ಮೂರು ಸರಳು ಸಾಕು. ತೂಕ ಸುಮಾರು 23 ಪೌಂಡ್. ಗಮನಿಸಿ, 2,800 ಪೌಂಡಿನ ಮೆಟ್ಟಿಲಿನಲ್ಲಿ ಕಬ್ಬಿಣ ನೂರಕ್ಕೆ ಒಂದು ಪಾಲೂ ಇಲ್ಲ! ಮೊದಲ ಬಾರಿ ನಾವು ಬೇಡವೆಂದು ಬಿಟ್ಟದ್ದು ಈ ಒಂದು ಪಾಲನ್ನು.

ಕೆಳಗಿನ ಜಾಲರಿ, ಮಣ್ಣು ಕುಗ್ಗಿದಾಗ ಬರುವ ಎಳೆತವನ್ನು ಹಿಡಿಯುತ್ತದೆ. ಮೇಲಿನ ಅಂಚಿನ ಸರಳುಗಳು, ಮಣ್ಣು ನಡುವೆ ಉಬ್ಬಿದಾಗ ಬರುವ ಎಳೆತವನ್ನು ಹಿಡಿಯುತ್ತವೆ. ಸ್ಪಂಜಿನ ಪ್ರಯೋಗ ನೆನಪಿದೆಯಲ್ಲವೇ?

ಕಟ್ಟುವ ಕ್ರಮ

1. ಅಗೆಯುವ ಮೊದಲು 811ಕ್ಕೆ ಕರೆ ಮಾಡಿ. ನೆಲದೊಳಗಿನ ಗ್ಯಾಸ್, ವಿದ್ಯುತ್ ಮಾರ್ಗಗಳನ್ನು ಬಂದು ಗುರುತು ಹಾಕಿಕೊಡುತ್ತಾರೆ. ಇದಕ್ಕೆ ಹಣವಿಲ್ಲ. ಕನಿಷ್ಠ ಎರಡು ದಿನ ಮೊದಲೇ ತಿಳಿಸಬೇಕು.

2. ಸುಮಾರು ಒಂದು ಅಡಿ ಆಳ ಅಗೆದು ಸಡಿಲ ಮಣ್ಣು, ಬೇರು ತೆಗೆಯಿರಿ. ಕೆಳಗೆ 6 ಅಂಗುಲ ಪುಡಿಸುಣ್ಣದಕಲ್ಲಿನ ಜಲ್ಲಿಯನ್ನು ಎರಡು ಪದರವಾಗಿ ಹಾಕಿ ದಿಮ್ಮಸಿನಿಂದ ಚೆನ್ನಾಗಿ ಬಡಿಯಿರಿ. ಕಂಬಿ ಎಷ್ಟು ಹಾಕಿದರೂ ಈ ಕೆಲಸಕ್ಕೆ ಬದಲಿಯಿಲ್ಲ.

3. ಹಲಗೆಯ ಅಚ್ಚು ನಿಲ್ಲಿಸಿ. ರಸಮಟ್ಟ ಇಟ್ಟು ನೋಡಿ. ಪ್ರತಿ ಹಾಸೂ ಮುಂದಕ್ಕೆ ಕಾಲು ಅಂಗುಲ ಇಳಿಜಾರಾಗಿರಲಿ, ನೀರು ನಿಲ್ಲದೆ ಹರಿಯುತ್ತದೆ.

4. ಮನೆಯ ಗೋಡೆಗೂ ಮೆಟ್ಟಿಲಿಗೂ ನಡುವೆ ಅರ್ಧ ಅಂಗುಲ ದಪ್ಪದ ಮೆತ್ತನೆಯ ಪಟ್ಟಿ ಇಡಿ. ಮನೆ ಬೇರೆ, ಮೆಟ್ಟಿಲು ಬೇರೆ. ಎರಡೂ ತಮ್ಮ ಪಾಡಿಗೆ ಏರಿಳಿಯಲಿ. ಮನೆಯ ಅಡಿಪಾಯಕ್ಕೆ ತೂತು ಕೊರೆದು ಸರಳು ಸಿಕ್ಕಿಸುವ ಯೋಚನೆ ಬೇಡವೇ ಬೇಡ. ಈ ಭಾಗದ ಬಹಳ ಮನೆಗಳ ಅಡಿಹಾಸಿನೊಳಗೆ ಬಿಗಿದೆಳೆದ ಉಕ್ಕಿನ ಹಗ್ಗಗಳಿರುತ್ತವೆ. ಕೊರೆಯುವ ಯಂತ್ರ ಅದಕ್ಕೆ ತಗುಲಿದರೆ ಪ್ರಾಣಾಪಾಯ.

5. ಸರಳುಗಳನ್ನು ಕಟ್ಟುತಂತಿಯಿಂದ ಬಿಗಿದು, ಜಾಲರಿಯನ್ನು 3 ಅಂಗುಲ ಎತ್ತರದ ಕಾಂಕ್ರೀಟ್ ಬಿಲ್ಲೆಗಳ ಮೇಲೆ ಕೂರಿಸಿ. ಊರಿನ ಮೇಸ್ತ್ರಿಗಳು 'ಕವರ್ ಬ್ಲಾಕ್' ಎನ್ನುವುದು ಇದಕ್ಕೇ. ಇಟ್ಟಿಗೆ ಚೂರು ಇಡಬೇಡಿ, ಅದು ನೆಲದ ನೀರನ್ನು ಹೀರಿ ಸರಳಿಗೆ ಮುಟ್ಟಿಸುತ್ತದೆ. ಎರಡು ತುಂಡು ಜೋಡಿಸಬೇಕಾದಲ್ಲಿ ದಪ್ಪದ 40ರಷ್ಟು, ಅಂದರೆ ಈ ಸರಳಿಗೆ 15 ಅಂಗುಲ, ಒಂದರ ಪಕ್ಕ ಒಂದು ಬರುವಂತೆ ಕಟ್ಟಿ.

6. ಕಾಂಕ್ರೀಟಿಗೆ ನೀರು ಮಿತವಾಗಿರಲಿ. ಪಾಯಸದಂತಾದರೆ ಸುರಿಯಲು ಸುಲಭ, ಆದರೆ ಬಲ ಕಡಿಮೆ, ಒಣಗುವಾಗ ಬಿರುಕೂ ಹೆಚ್ಚು. ಸುರಿಯುತ್ತಾ ಸಲಾಕೆಯಿಂದ ಕುಟ್ಟಿ ಗಾಳಿ ಹೊರಗೆ ಹಾಕಿ. ಮೇಲ್ಮೈಯನ್ನು ಕನ್ನಡಿಯಂತೆ ನುಣುಪು ಮಾಡದೆ ಪೊರಕೆಯಿಂದ ಗೀರಿ. ಒದ್ದೆಯಾದಾಗ ಜಾರುವುದಿಲ್ಲ.

7. ಕನಿಷ್ಠ ಏಳು ದಿನ ಒದ್ದೆ ಗೋಣಿಚೀಲ ಹೊದಿಸಿ ನೀರುಣಿಸಿ. ಊರಿನಲ್ಲಿ ತಾರಸಿ ಹಾಕಿದ ಮೇಲೆ ಪುಟ್ಟ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು ಹಿರಿಯರು ನೋಡಿರುತ್ತೀರಿ. ಟೆಕ್ಸಸ್ಸಿನ ಜುಲೈ ಬಿಸಿಲಿನಲ್ಲಿ ಈ ಕೆಲಸ ಬೇಡ, ಅಕ್ಟೋಬರ್ ನವೆಂಬರ್ ವಾಸಿ.

ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಚಾಚಿಕೊಂಡ ಸರಳಿನ ತುದಿಗಳಿಗೆ ಟೋಪಿ ತೊಡಿಸಿ. ಮಕ್ಕಳು ಅಳತೆ, ಲೆಕ್ಕಗಳಲ್ಲಿ ಸಹಾಯ ಮಾಡಲಿ, ಸುರಿಯುವಾಗ ದೂರವಿರಲಿ. ನಾಲ್ಕೈದು ಮೆಟ್ಟಿಲಿಗಿಂತ ಹೆಚ್ಚಾದರೆ, ಅಥವಾ ಪಕ್ಕದಲ್ಲಿ ಮಣ್ಣು ತಡೆಯುವ ಗೋಡೆ ಇದ್ದರೆ, ಎಂಜಿನಿಯರರನ್ನು ಕೇಳಿಯೇ ಮುಂದುವರಿಯಿರಿ. ಅನುಮತಿ ಬೇಕೇ ಎಂಬುದನ್ನು ನಿಮ್ಮ ಊರಿನ ನಗರಸಭೆಯಲ್ಲಿ ವಿಚಾರಿಸಿ.

ತುಕ್ಕೆಂಬ ಒಳಶತ್ರು

ಕಬ್ಬಿಣ ತುಕ್ಕು ಹಿಡಿದರೆ ಮೂಲಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಊರಿನ ಹಳೆಯ ಕಟ್ಟಡಗಳಲ್ಲಿ ತಾರಸಿಯ ಗಾರೆ ಉದುರಿ ಕೆಂಪು ಕಂಬಿ ಕಾಣುವುದು ಇದರಿಂದಲೇ. ಸರಳಿನ ಸುತ್ತ ಸಾಕಷ್ಟು ಕಾಂಕ್ರೀಟಿನ ಹೊದಿಕೆ ಇದ್ದರೆ ನೀರು, ಗಾಳಿ, ಉಪ್ಪು ಅದನ್ನು ಮುಟ್ಟುವುದು ನಿಧಾನ. ಮಣ್ಣಿಗೆ ತಾಗುವ ಕಡೆ 3 ಅಂಗುಲ ಬೇಕು, ಗಾಳಿಮಳೆಗೆ ತೆರೆದ ಕಡೆ ಈ ಗಾತ್ರದ ಸರಳಿಗೆ ಕನಿಷ್ಠ ಒಂದೂವರೆ ಅಂಗುಲ. ಕರಾವಳಿಯವರಿಗೆ ಗೊತ್ತು, ಸಮುದ್ರದ ಮರಳನ್ನು ಇಂಥ ಕೆಲಸಕ್ಕೆ ಬಳಸಬಾರದು. ಅದರ ಉಪ್ಪೇ ತುಕ್ಕಿಗೆ ಆಹ್ವಾನ. ಚಳಿಗಾಲದಲ್ಲಿ ಮೆಟ್ಟಿಲ ಮೇಲಿನ ಮಂಜುಗಡ್ಡೆ ಕರಗಿಸಲು ಉಪ್ಪು ಎರಚುವುದೂ ಹಾಗೆಯೇ. ಅಂಗಡಿಯಿಂದ ತಂದ ಸರಳಿನ ಮೇಲೆ ತೆಳ್ಳಗೆ ಕಂದು ಬಣ್ಣವಿದ್ದರೆ ಚಿಂತೆಯಿಲ್ಲ. ಪದರವಾಗಿ ಏಳುವ ತುಕ್ಕನ್ನು ತಂತಿಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಎಣ್ಣೆ ಮಾತ್ರ ಬಳಿಯಬೇಡಿ, ಹಿಡಿತ ಹೋಗುತ್ತದೆ.

ಇಷ್ಟಾದ ಮೇಲೆ ನೆಲದ ತೇವವನ್ನೂ ಗಮನಿಸಬೇಕು. ಸೂರಿನ ನೀರು ಮೆಟ್ಟಿಲ ಬುಡಕ್ಕೆ ಬೀಳದಂತೆ ಕೊಳವೆಯನ್ನು ದೂರ ತಿರುಗಿಸಿ. ಕಡು ಬೇಸಿಗೆಯಲ್ಲಿ ಮನೆಯ ಸುತ್ತ ಸಣ್ಣಗೆ ನೀರು ಜಿನುಗಿಸಿ. ಮಣ್ಣಿನ ತೇವ ವರ್ಷವಿಡೀ ಹೆಚ್ಚು ಏರುಪೇರಾಗದಿದ್ದರೆ ಮಣ್ಣಿನ ಆಟವೂ ಕಡಿಮೆ.

ಭಾಷೆಯ ಮೇಷ್ಟ್ರ ಒಂದು ಮಾತು

'ಮೆಟ್ಟು' ಎಂದರೆ ತುಳಿ, ಅದರಿಂದ 'ಮೆಟ್ಟಿಲು'. ಉತ್ತರ ಕರ್ನಾಟಕದಲ್ಲಿ 'ಪಾವಟಿಗೆ', ಸಂಸ್ಕೃತದಿಂದ ಬಂದದ್ದು 'ಸೋಪಾನ'. 'ಕಂಬಿ'ಯದಂತೂ ದೊಡ್ಡ ಸಂಸಾರ. 'ಕಂಬಿ ಎಣಿಸಿದ' ಎಂದರೆ ಸೆರೆಮನೆಗೆ ಹೋದ, 'ಕಂಬಿ ಕಿತ್ತ' ಎಂದರೆ ಓಡಿಹೋದ. ಕಂಬಿ ಹಾಕದ ನಮ್ಮ ಮೊದಲ ಮೆಟ್ಟಿಲು ಮನೆಯ ಗೋಡೆಯನ್ನು ಬಿಟ್ಟು ಒಂದೂವರೆ ಅಂಗುಲ ದೂರ ಕಂಬಿ ಕಿತ್ತಿತ್ತು ಎಂದು ನಮ್ಮ ಮನೆಯಲ್ಲಿ ಈಗಲೂ ನಗುತ್ತೇವೆ.

ಹೊಸ ಮೆಟ್ಟಿಲು ಎರಡು ಬೇಸಿಗೆ ಕಂಡಿದೆ. ನಿಜ ಹೇಳಬೇಕೆಂದರೆ ಅದರಲ್ಲೂ ಒಂದು ಬಿರುಕು ಬಂದಿದೆ. ಕೂದಲೆಳೆಯಷ್ಟು ಸಣ್ಣದು, ಉಗುರು ಕೂಡ ಒಳಗೆ ಹೋಗದು. ಕಂಬಿಯ ಕೆಲಸವೇ ಅದು. ಬಿರುಕು ಬಾರದಂತೆ ತಡೆಯುತ್ತೇನೆಂದು ಅದು ಮಾತು ಕೊಡುವುದಿಲ್ಲ. ಬಂದ ಬಿರುಕು ಬಾಯಿ ಬಿಡದಂತೆ, ತುಂಡುಗಳು ಬೇರೆಯಾಗದಂತೆ ಹಿಡಿದಿಡುತ್ತದೆ. ನೆಲ ಏರಿದರೆ ಇಡೀ ಮೆಟ್ಟಿಲು ಒಟ್ಟಿಗೆ ಏರುತ್ತದೆ, ಇಳಿದರೆ ಒಟ್ಟಿಗೆ ಇಳಿಯುತ್ತದೆ.

ಕಳೆದ ಸಲ ಬಂದಾಗ ಅತ್ತೆಯವರು ಮೂರೂ ಮೆಟ್ಟಿಲುಗಳ ಮೇಲೆ ಒಮ್ಮೆ ಗಟ್ಟಿಯಾಗಿ ಕಾಲೂರಿ ನೋಡಿ, ಏನೂ ಹೇಳದೆ ಕರಿಬೇವಿನ ಗಿಡದ ಕಡೆ ನಡೆದರು. ನಮಗೆ ಅಷ್ಟೇ ಸಾಕಾಗಿತ್ತು.

ಮಕ್ಕಳಿಗೆ ಚಟುವಟಿಕೆ: ನಿಮ್ಮ ಮನೆಯ ಮೆಟ್ಟಿಲುಗಳ ಎತ್ತರ ಮತ್ತು ಹಾಸನ್ನು ಅಳೆದು ಸೂತ್ರಕ್ಕೆ ಹೊಂದುತ್ತದೆಯೇ ನೋಡಿ. ಬಿರುಕು ಇದ್ದರೆ ಅದರ ಅಗಲವನ್ನು ಮಾರ್ಚ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಬರೆದಿಟ್ಟುಕೊಂಡು ಹೋಲಿಸಿ. ಉತ್ತರವನ್ನು ಕನ್ನಡದಲ್ಲಿಯೇ ಬರೆದು ತರಗತಿಗೆ ತನ್ನಿ.